ರಿಪೋರ್ಟಿನ ಎರಡನೇ ಪುಟ

ಅಕ್ಕನ ರಕ್ತಪರೀಕ್ಷೆಯ ರಿಪೋರ್ಟು ನನ್ನ ಮೊಬೈಲಿಗೆ ಬಂದಾಗ ನಾನು ಚನ್ನಪಟ್ಟಣದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಲ್ಯಾಬಿನ ಹೆಸರು ಪರದೆಯ ಮೇಲೆ ಕಂಡಿತು. ತೆರೆದು ನೋಡುವ ಧೈರ್ಯವಾಗಲಿಲ್ಲ. ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿಟ್ಟು ಉಳಿದ ಪತ್ರಿಕೆಗಳನ್ನೆಲ್ಲ ತಿದ್ದಿ ಮುಗಿಸಿದೆ. ಯಾರಿಗೆ ಎಷ್ಟು ಅಂಕ ಹಾಕಿದೆನೋ ನನಗೇ ತಿಳಿಯದು. ಮರುದಿನ ಅವನ್ನೆಲ್ಲ ಮತ್ತೆ ತಿದ್ದಬೇಕಾಯಿತು.

ಅಷ್ಟು ಹೆದರಲು ಕಾರಣವಿತ್ತು. ನಮ್ಮ ತವರು ಕಬ್ಬಾಳಿನ ಹತ್ತಿರ, ಕನಕಪುರ ತಾಲ್ಲೂಕಿನ ಒಂದು ಸಣ್ಣ ಊರು. ನನಗೆ ಎಂಟು ವರ್ಷವಿದ್ದಾಗ ಅವ್ವ ತೀರಿಕೊಂಡಳು. ತೀರಿಕೊಳ್ಳುವ ಮೊದಲು ಒಂದು ವರ್ಷ ಅವಳು ದಿನಕ್ಕಿಷ್ಟು ಸವೆಯುತ್ತಾ ಹೋದದ್ದು ನನಗೆ ನೆನಪಿದೆ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕೈಬಳೆ ಮೊಣಕೈವರೆಗೂ ಜಾರುತ್ತಿತ್ತು. ಹೊಟ್ಟೆಯಲ್ಲಿ ಗಡ್ಡೆ ಅಂದರು, ಅಷ್ಟೊತ್ತಿಗೆ ಎಲ್ಲಾ ಮುಗಿದಿತ್ತು. ಅಕ್ಕನಿಗೆ ಆಗ ಹದಿನೆಂಟು. ಮದುವೆಯಾಗಿ ಮಾಗಡಿ ಕಡೆಯ ಹಳ್ಳಿಗೆ ಹೊರಟಾಗ ಅವಳು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಭಾವ ಒಂದು ದಿನಕ್ಕೂ ಬೇಡವೆನ್ನಲಿಲ್ಲ. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಎರಡು ಸಲ ಬಸಿರು ನಿಂತು, ಎರಡು ಸಲವೂ ಮೂರು ತಿಂಗಳೊಳಗೆ ಹೋಯಿತು. ನನ್ನನ್ನು ಓದಿಸಿ, ವಿಜ್ಞಾನದ ಮೇಷ್ಟ್ರಮ್ಮನನ್ನಾಗಿ ಮಾಡಿದ್ದು ಅವರೇ.

ಎರಡು ವರ್ಷದ ಹಿಂದೆ ಅಕ್ಕನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಅನ್ನ ಕಡಿಮೆ ಮಾಡಿ ಚಪಾತಿ ತಿನ್ನಿ ಎಂದು ಎಲ್ಲರಿಗೂ ಹೇಳುವ ಮಾತನ್ನು ಆಸ್ಪತ್ರೆಯಲ್ಲಿ ಅವಳಿಗೂ ಹೇಳಿದರು. ಅದು ಮುದ್ದೆಯ ಮನೆ. ಗೋಧಿ ಅಂದರೆ ಯುಗಾದಿಯ ಒಬ್ಬಟ್ಟಿನ ಕಣಕಕ್ಕೆ, ನೆಂಟರು ಬಂದರೆ ಪೂರಿಗೆ, ಅಷ್ಟೆ. ಅಕ್ಕನಿಗೆ ಚಪಾತಿ ಲಟ್ಟಿಸಲೂ ಬರುತ್ತಿರಲಿಲ್ಲ. ನಾನೇ ಲಟ್ಟಣಿಗೆ, ಮಣೆ ತಂದುಕೊಟ್ಟು ಕಲಿಸಿದೆ. ಬೆಳಿಗ್ಗೆ ಗೋಧಿ ರವೆ ಉಪ್ಪಿಟ್ಟು, ಸಂಜೆ ಎರಡು ಚಪಾತಿ ಎಂದು ಕಾಗದದಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದೆ.

ಆಮೇಲೆ ಅಕ್ಕ ಸೊರಗತೊಡಗಿದಳು. ಮೊದಲು ಸಕ್ಕರೆಯಿಂದಲೇ ಅಂದುಕೊಂಡೆವು. ಪರೀಕ್ಷೆ ಮಾಡಿಸಿದರೆ ಸಕ್ಕರೆ ಹತೋಟಿಯಲ್ಲಿತ್ತು. ದಿನಕ್ಕೆ ನಾಲ್ಕೈದು ಸಲ ಭೇದಿ. ನಾಲಗೆಯ ಅಂಚಿನಲ್ಲಿ ಹುಣ್ಣು. ಮುಖ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಯಿತು. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರಲಿಲ್ಲ. ನಾನು ಒಂದು ಭಾನುವಾರ ಹೋದಾಗ ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಬಳೆ ಮೊಣಕೈವರೆಗೂ ಜಾರಿತ್ತು. ನಾನು ಒಳಗೆ ಹೋಗಿ ನೀರು ಕುಡಿದು, ಮುಖ ತೊಳೆದುಕೊಂಡು, ಒಸಿ ಹೊತ್ತು ಬಿಟ್ಟು ಹೊರಗೆ ಬಂದೆ.

ಆವತ್ತು ಅಕ್ಕ ಒಂದು ಮಾತು ಹೇಳಿದಳು. "ಚಪಾತಿ ತಿಂದ್ ದಿನ ಹೊಟ್ಟೆ ಕಲ್ಲಾಗ್ತೈತೆ ಕಣವ್ವ. ಮುದ್ದೆ ಉಂಡ್ರೆ ಏನೂ ಇಲ್ಲ. ಅದನ್ನ ಬುಟ್ಬುಡ್ಲಾ?"

ನಾನು ಗದರಿದೆ. ಅಭ್ಯಾಸವಿಲ್ಲದ್ದಕ್ಕೆ ಹಾಗಾಗುತ್ತದೆ, ಸಕ್ಕರೆ ಏರಿ ಕಣ್ಣು, ಕಾಲು ಹೋದರೆ ಯಾರು ನೋಡುತ್ತಾರೆ ಎಂದೆ. ಓದಿದವಳು ನಾನು, ನಾನು ಹೇಳಿದ್ದು ಅವಳಿಗೆ ವೇದ. ಅವಳು ಚಪಾತಿ ಬಿಡಲಿಲ್ಲ.

ಮಾಗಡಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಮ್ಮನಿಗೆ ತೋರಿಸಿದೆವು. ಅವರು ಅಕ್ಕನ ಕಣ್ಣ ರೆಪ್ಪೆ ಮಗುಚಿ ನೋಡಿ, ಉಗುರು ನೋಡಿ, ಏನೇನು ತಿನ್ನುತ್ತೀ ಎಂದು ವಿಚಾರಿಸಿದರು. ಒಂದು ಚೀಟಿಯ ತುಂಬ ಪರೀಕ್ಷೆ ಬರೆದರು. ಕೆಲವರಿಗೆ ಗೋಧಿ ಆಗುವುದಿಲ್ಲ, ಅದನ್ನೂ ನೋಡಿಬಿಡೋಣ ಎಂದರು. ರಿಪೋರ್ಟಿನಲ್ಲಿ ಏನೇ ಬಂದಿರಲಿ, ತಂದು ನನಗೆ ತೋರಿಸಿಯೇ ಹೋಗಬೇಕು ಎಂದು ಎರಡು ಸಲ ಹೇಳಿದರು. ಭಾವನದು ಬಟನ್ ಫೋನು. ಹಾಗಾಗಿ ಲ್ಯಾಬಿಗೆ ನನ್ನ ನಂಬರು ಕೊಟ್ಟೆ.

ಪತ್ರಿಕೆ ತಿದ್ದಿದ ಮೇಲೆ ರಿಪೋರ್ಟನ್ನು ತೆರೆದೆ. ಎರಡು ಪುಟ. ಮೊದಲ ಪುಟದಲ್ಲಿ ಹಿಮೋಗ್ಲೋಬಿನ್ ತೀರಾ ಕಡಿಮೆ, ಅದು ಗೊತ್ತಿದ್ದದ್ದೇ. ಅದರ ಕೆಳಗೆ ಟಿಟಿಜಿ ಐಜಿಎ ಎಂದಿತ್ತು. ಪಕ್ಕದಲ್ಲಿ ಒಂದರ ಆಸುಪಾಸಿನ ಒಂದು ಸಂಖ್ಯೆ. ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ನೆಗೆಟಿವ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದು ಯಾವ ಪರೀಕ್ಷೆ ಎಂದು ಮೊಬೈಲಿನಲ್ಲೇ ಹುಡುಕಿದೆ. ಸೀಲಿಯಾಕ್ ಎಂಬ ಕಾಯಿಲೆಯ ಹೆಸರು ಬಂತು. ಗೋಧಿಯ ಒಳಗಿರುವ ಅಂಟಿನಂಥ ಪ್ರೋಟೀನಿಗೆ ಕೆಲವರ ದೇಹ ತಿರುಗಿಬಿದ್ದು, ತನ್ನ ಕರುಳನ್ನು ತಾನೇ ಗಾಯ ಮಾಡಿಕೊಳ್ಳುತ್ತದಂತೆ. ಇನ್ನೂ ಕೆಳಗೆ ಓದಿದೆ. ಬಹಳ ಕಾಲ ಗೊತ್ತಾಗದೆ ಉಳಿದರೆ ಅಪರೂಪಕ್ಕೆ ಕರುಳಿನ ಕ್ಯಾನ್ಸರ್ ಎಂದಿತ್ತು. ಮುಂದಕ್ಕೆ ಓದಲಾಗಲಿಲ್ಲ. ಮತ್ತೆ ರಿಪೋರ್ಟಿಗೆ ಬಂದು ಆ 'ನೆಗೆಟಿವ್' ಎಂಬ ಪದವನ್ನು ನೋಡಿದೆ. ನೋಡುತ್ತಾ ಕಣ್ಣಲ್ಲಿ ನೀರು ಬಂತು.

ಎರಡನೇ ಪುಟದಲ್ಲಿ ಒಂದೇ ಸಾಲಿತ್ತು. ಟೋಟಲ್ ಐಜಿಎ, ಏಳಕ್ಕಿಂತ ಕಡಿಮೆ. ಪಕ್ಕದಲ್ಲಿ ಇಂಗ್ಲಿಷಿನ ಎಲ್ ಅಕ್ಷರ ದಪ್ಪಗೆ ಅಚ್ಚಾಗಿತ್ತು. ಎಲ್ ಅಂದರೆ ಕಡಿಮೆ ಎಂದು ನನಗೆ ಗೊತ್ತು. ಕಡಿಮೆ ಅಂದರೆ ಒಳ್ಳೆಯದೇ ಅಂದುಕೊಂಡೆ. ಸಕ್ಕರೆ ಕಡಿಮೆ, ಕೊಬ್ಬು ಕಡಿಮೆ ಎಂದ ಹಾಗೆ. ಹೆಚ್ಚಾಗಿದ್ದರಲ್ಲವೇ ಹೆದರಬೇಕು? ಆ ಸಾಲನ್ನು ನಾನು ನೋಡಲಿಲ್ಲ ಎಂದು ಇವತ್ತು ಹೇಳಲಾರೆ. ನೋಡಿದೆ. ನೋಡಿ ದಾಟಿದೆ.

ಅಕ್ಕನಿಗೆ ಫೋನು ಮಾಡಿ ದೊಡ್ಡದೇನೂ ಇಲ್ಲ, ಗೋಧಿಯ ಕಾಯಿಲೆಯೂ ಇಲ್ಲ, ಚಪಾತಿ ಧೈರ್ಯವಾಗಿ ತಿನ್ನು ಎಂದೆ. ರಾಗಿ ಕೊಯ್ಲು ಹತ್ತಿರವಾಗಿತ್ತು. ಏನೂ ಇಲ್ಲ ಅಂದಮೇಲೆ ಡಾಕ್ಟರಮ್ಮನ ಹತ್ತಿರ ಸುಮ್ಮನೆ ಯಾಕೆ ಹೋಗುವುದು, ಕೊಯ್ಲು ಮುಗಿಯಲಿ ಎಂದಳು. ಸರಿ ಎಂದೆ. ಡಾಕ್ಟರಮ್ಮ ಎರಡು ಸಲ ಹೇಳಿದ್ದು ನೆನಪಿತ್ತು. ಆದರೆ ಅಲ್ಲಿಗೆ ಹೋದರೆ ಅವರು ಇನ್ನೇನೋ ಹುಡುಕಿ ತೆಗೆಯುತ್ತಾರೆ ಎಂಬ ಅಳುಕು ನನ್ನೊಳಗಿತ್ತು. ಸಿಕ್ಕಿದ ಸಮಾಧಾನವನ್ನು ಕೈಯಾರೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಏಳು ವಾರ ಕಳೆಯಿತು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲು ನಿಲ್ಲುತ್ತಿದ್ದಾಗ ಭಾವನ ಫೋನು ಬಂತು. ಭಾವ ಕಡಿಮೆ ಮಾತಿನ ಮನುಷ್ಯ. ತಾನಾಗಿ ನನಗೆ ಫೋನು ಮಾಡಿದ್ದೇ ಇಲ್ಲ. "ಕಣದಲ್ಲಿ ಬಿದ್ಬುಟ್ಲು ಕಣಮ್ಮ. ಮೈಯೆಲ್ಲಾ ತಣ್ಣಗೈತೆ. ಆಂಬುಲೆನ್ಸಲ್ಲಿ ರಾಮನಗರಕ್ಕೆ ಕರ್ಕಂಡ್ ಹೊಂಟಿವ್ನಿ, ನೀನು ಅಲ್ಲಿಗೇ ಬಾ" ಎಂದರು.

ಚನ್ನಪಟ್ಟಣದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಬೇಡ. ಆವತ್ತು ಆ ದಾರಿ ಸವೆಯಲೇ ಇಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಅಕ್ಕ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಹೊದಿಕೆಯ ಕೆಳಗೆ ಒಬ್ಬಳು ಇದ್ದಾಳೆ ಎಂದು ಹೇಳಲಾಗದಷ್ಟು ಸಣ್ಣಗಾಗಿದ್ದಳು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೂ ಇಲ್ಲ, ರಕ್ತ ಹಾಕಬೇಕು ಎಂದು ಅಲ್ಲಿನವರು ಹೇಳಿದರು. ಭಾವ ಮೂಲೆಯಲ್ಲಿ ಟವಲು ಹಿಡಿದು ನಿಂತಿದ್ದರು. ಕಣದ ಹೊಟ್ಟು ಅವರ ಕಾಲಿಗೆ, ಲುಂಗಿಗೆ ಹಾಗೇ ಅಂಟಿತ್ತು. ಸ್ವಲ್ಪ ಹೊತ್ತಿಗೆ ರಕ್ತದ ಚೀಲ ಬಂತು. ನರ್ಸಮ್ಮ ಅದನ್ನು ಕಂಬಿಗೆ ನೇತುಹಾಕಿ ನಳಿಕೆ ಬಿಡಿಸತೊಡಗಿದರು.

ಆಗ ಹೊಟ್ಟೆಯ ಕಾಯಿಲೆ ನೋಡುವ ಡಾಕ್ಟರು ಬಂದರು. ನನ್ನ ವಯಸ್ಸಿನವರೇ. ಹಳೆಯ ರಿಪೋರ್ಟು ಏನಾದರೂ ಇದೆಯಾ ಎಂದು ಕೇಳಿದರು. ಮಾಗಡಿಯ ಲ್ಯಾಬಿನ ಕಾಗದಗಳನ್ನು ನಾನು ಅಚ್ಚು ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಕೊಟ್ಟೆ. ಅವರು ನಿಂತಲ್ಲೇ ಮೊದಲ ಪುಟ ಓದಿದರು, ಮಗುಚಿದರು. ಎರಡನೇ ಪುಟದ ಮೇಲೆ ಕಣ್ಣು ನಿಂತಿತು.

"ಸಿಸ್ಟರ್, ಅದನ್ನ ಈಗ ಹಾಕಬೇಡಿ. ಇಳಿಸಿ," ಎಂದರು.

ದನಿ ಏರಿಸಲಿಲ್ಲ. ಆದರೆ ನರ್ಸಮ್ಮ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ. ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದರು. ಈ ರಿಪೋರ್ಟನ್ನು ಯಾರು ನೋಡಿ ಹೇಳಿದ್ದು ಎಂದು ಕೇಳಿದರು. ಸುಳ್ಳು ಹೇಳಲು ಒಂದು ಕ್ಷಣ ಮನಸ್ಸಾಯಿತು. ನಾನೇ ಸರ್, ನೆಗೆಟಿವ್ ಅಂತ ಇತ್ತು, ಏನೂ ಇಲ್ಲ ಅಂತ ಹೇಳಿಬಿಟ್ಟೆ ಎಂದೆ.

ಅವರು ಬೈಯಲಿಲ್ಲ. ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಬಿಡಿಸಿ ಹೇಳಿದರು. ನಮ್ಮ ರಕ್ತದಲ್ಲಿ ಕಾವಲಿಗಿರುವ ಪ್ರೋಟೀನುಗಳಲ್ಲಿ ಐಜಿಎ ಅನ್ನುವುದು ಒಂದು ಜಾತಿ. ಗೋಧಿಗೆ ದೇಹ ತಿರುಗಿಬಿದ್ದಿದ್ದರೆ ಆ ಜಾತಿಯಲ್ಲಿ ಒಂದು ಬಗೆ ಹೆಚ್ಚಾಗುತ್ತದೆ. ಮೊದಲ ಪುಟದ ಪರೀಕ್ಷೆ ಎಣಿಸುವುದು ಆ ಬಗೆಯನ್ನು. ಆದರೆ ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಅನ್ನುವುದೇ ಇರುವುದಿಲ್ಲ. ಅಂಥವರಲ್ಲಿ ಈ ಪರೀಕ್ಷೆ ಯಾವಾಗ ಮಾಡಿದರೂ ನೆಗೆಟಿವ್ ಎಂದೇ ತೋರಿಸುತ್ತದೆ.

"ನಿಮ್ಮೂರಲ್ಲಿ ಪೊಲೀಸ್ ಸ್ಟೇಷನ್ನೇ ಇಲ್ಲ ಅನ್ಕೊಳಿ," ಎಂದರು. "ಒಂದು ಕಂಪ್ಲೇಂಟೂ ದಾಖಲಾಗಿಲ್ಲ ಅಂದ್ರೆ ಕಳ್ಳತನ ಆಗಿಲ್ಲ ಅಂತ ಅರ್ಥಾನಾ? ಈ ಎರಡನೇ ಪುಟ ಹೇಳ್ತಿರೋದು ಅಷ್ಟೇ. ಇವರಲ್ಲಿ ಸ್ಟೇಷನ್ ಇಲ್ಲ. ಹಾಗಾಗಿ ಮೊದಲನೇ ಪುಟದ ಮಾತನ್ನ ನಂಬೋ ಹಾಗಿಲ್ಲ."

ಅವರು ಮುಂದುವರಿಸಿದರು. ಐಜಿಎ ಇಲ್ಲದವರಿಗೆ ಬೇರೆಯವರ ರಕ್ತ ಹಾಕಿದರೆ ಅಪರೂಪಕ್ಕೆ ಮೈ ತಡೆದುಕೊಳ್ಳದೆ ಉಸಿರೇ ಕಟ್ಟಬಹುದಂತೆ. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಗೊತ್ತಿದ್ದೂ ಯಾಕೆ ಹಾಕುವುದು, ಉಸಿರು ನಾಡಿ ಸ್ಥಿರವಾಗಿದೆ, ಸದ್ಯಕ್ಕೆ ಕಬ್ಬಿಣವನ್ನೇ ನರಕ್ಕೆ ಕೊಡೋಣ, ರಕ್ತ ಬೇಕೇಬೇಕಾದರೆ ಐಜಿಎ ಹೋಗುವಂತೆ ತೊಳೆದ ರಕ್ತ ತರಿಸೋಣ ಎಂದರು. ನಾನು ತಲೆಯಾಡಿಸಿದೆ. ಅವರು ಒಳಗೆ ಹೋದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತೆ. ಆ ಪುಟವನ್ನು ನಾನು ಅನವಶ್ಯಕ ಎಂದು ಅಚ್ಚು ಹಾಕಿಸದೇ ಬಿಟ್ಟಿದ್ದರೆ? ಆ ಯೋಚನೆ ಬಂದದ್ದೇ ಎದ್ದು ವಾರ್ಡಿನ ಬಾಗಿಲಿಗೆ ಹೋಗಿ, ಕಂಬಿಯಿಂದ ಚೀಲ ಇಳಿಸಿದ್ದಾರಾ ಎಂದು ನೋಡಿದೆ.

ಐಜಿಎ ಇಲ್ಲದವರಿಗೆಂದೇ ಇನ್ನೊಂದು ಪರೀಕ್ಷೆ ಇದೆಯಂತೆ. ಐಜಿಜಿ ಎಂಬ ಬೇರೆ ಜಾತಿಯ ಕಾವಲನ್ನು ಎಣಿಸುವುದು. ಅದಕ್ಕೆ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ನಾಲ್ಕು ದಿನ ಕಾದೆವು. ರಜೆ ಹಾಕಿ ನಾನು ಅಲ್ಲೇ ಇದ್ದೆ. ಕಬ್ಬಿಣ ಕೊಟ್ಟ ಮೇಲೆ ಅಕ್ಕ ಕಣ್ಣು ಬಿಟ್ಟು, ಎದ್ದು ಕೂರುವಂತಾದಳು. ಭಾವ ದಿನಾ ಮಾಗಡಿಯ ಬಸ್ಸಿನಲ್ಲಿ ರಾಗಿ ಗಂಜಿ ತರುತ್ತಿದ್ದರು. ಅದನ್ನು ಕುಡಿದ ಮೇಲೆ ಅವಳಿಗೆ ಭೇದಿಯಾಗಲಿಲ್ಲ. ಅದನ್ನು ನಾನೂ ಅಕ್ಕನೂ ಗಮನಿಸಿದೆವು.

ಈ ಸಲ ರಿಪೋರ್ಟು ಮೊಬೈಲಿಗೆ ಬಂದಾಗ ನಾನು ತೆರೆಯಲೇ ಇಲ್ಲ. ಹಾಗೇ ಡಾಕ್ಟರ ಕೋಣೆಗೆ ಹೋಗಿ ಅವರ ಮುಂದೆ ಇಟ್ಟೆ. ಅವರು ಓದಿದರು. ಇರಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚಿದೆ ಎಂದರು. ಹಾಗಾದರೆ ಗೋಧಿಯದೇ ಎಂದು ನಿಶ್ಚಯವೇ ಎಂದು ಕೇಳಿದೆ. ರಕ್ತ ಅನುಮಾನವನ್ನು ಗಟ್ಟಿ ಮಾಡುತ್ತದೆ, ಇವರ ವಿಷಯದಲ್ಲಿ ಕರುಳನ್ನು ಕಣ್ಣಾರೆ ನೋಡಿ, ಚೂರು ತೆಗೆದು ಪರೀಕ್ಷಿಸಿದ ಮೇಲೇ ನಿಶ್ಚಯವಾಗಿ ಹೇಳುತ್ತೇನೆ ಎಂದರು.

ಆಮೇಲೆ ಅವರು ಮಕ್ಕಳೆಷ್ಟು ಎಂದು ಅಕ್ಕನನ್ನು ಕೇಳಿದರು. ಇಲ್ಲ ಸ್ವಾಮಿ, ಎರಡು ಹೋದವು ಎಂದಳು. ಅವರು ಅದನ್ನು ಬರೆದುಕೊಂಡು, ಈ ಕಾಯಿಲೆ ಗೊತ್ತಾಗದೆ ಉಳಿದವರಲ್ಲಿ ಕೆಲವರಿಗೆ ಹಾಗೆ ಬಸಿರು ಹೋಗುವುದುಂಟು, ನಿಮ್ಮದು ಇದರಿಂದಲೇ ಎಂದು ಹೇಳಲು ನನ್ನ ಹತ್ತಿರ ಆಧಾರವಿಲ್ಲ ಎಂದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಮಕ್ಕಳಾಗಲೆಂದು ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಮುಂದೆ ಅವಳು ಎಷ್ಟು ಸಲ ನಿಂತಿದ್ದಳೋ. ಅಲ್ಲಿಗೆ ಹರಕೆಯ ಮರದ ತೊಟ್ಟಿಲನ್ನು ನಾನೇ ಚನ್ನಪಟ್ಟಣದ ಅಂಗಡಿಯಿಂದ ತಂದುಕೊಟ್ಟಿದ್ದೆ. ಹೊರಗೆ ಬಂದ ಮೇಲೆ ಅವಳ ಕೈ ಹಿಡಿದುಕೊಂಡೆ. ಅವಳು ಹೇಳಿದ್ದು ಒಂದೇ ಮಾತು. "ಅದನ್ನ ನಿಮ್ ಭಾವಂಗೆ ಹೇಳ್ಬ್ಯಾಡ ಕಣವ್ವ. ಆಗಿದ್ದು ಆಗೋಗೈತೆ."

ನಾನು ಹೇಳಲಿಲ್ಲ.

ನಾವು ಎಣಿಸದೇ ಇದ್ದದ್ದು ಮುಂದೆ ಬಂತು. ಗೋಧಿಯೇ ಕಾರಣವಿರಬಹುದು ಅಂದಮೇಲೆ ಇವತ್ತಿನಿಂದಲೇ ಬಿಟ್ಟುಬಿಡೋಣ ಎಂದು ನಾನು ಅಂದುಕೊಂಡಿದ್ದೆ. ಡಾಕ್ಟರು ಕೂಡದು ಎಂದರು. ಗೋಧಿ ಬಿಟ್ಟರೆ ಕರುಳಿನ ಗಾಯ ಮಾಯತೊಡಗುತ್ತದೆ, ಆಮೇಲೆ ಒಳಗೆ ನೋಡಿದರೂ ನಿಜ ಕಾಣಿಸುವುದಿಲ್ಲ, ರಕ್ತದ ಸಂಖ್ಯೆಯೂ ಇಳಿದುಬಿಡುತ್ತದೆ. ಮೂರು ವಾರ ಮನೆಯಲ್ಲಿದ್ದು ರಕ್ತ ಏರಿಸಿಕೊಳ್ಳಿ, ದಿನಕ್ಕೆ ಎರಡು ಚಪಾತಿ ತಪ್ಪದೆ ತಿನ್ನಿ, ಆಮೇಲೆ ಬನ್ನಿ, ತೀರಾ ಸುಸ್ತಾದರೆ ಕಾಯಬೇಡಿ, ಅವತ್ತೇ ಬನ್ನಿ ಎಂದರು.

ಆ ಮೂರು ವಾರ ಅಕ್ಕನನ್ನು ಚನ್ನಪಟ್ಟಣದ ನನ್ನ ಬಾಡಿಗೆ ಮನೆಯಲ್ಲೇ ಇಟ್ಟುಕೊಂಡೆ. ಶಾಲೆಯಿಂದ ಬಂದ ಕೂಡಲೇ ಹಿಟ್ಟು ಕಲಸುತ್ತಿದ್ದೆ. ಅಷ್ಟು ವರ್ಷದಿಂದ ಮಾಡಿದ ಕೆಲಸ, ಆದರೂ ಲಟ್ಟಿಸುವಾಗ ಕೈ ಬರುತ್ತಿರಲಿಲ್ಲ. ನನ್ನನ್ನು ಸಾಕಿದವಳಿಗೆ ವಿಷವೆಂದು ತಿಳಿದೂ ಬಡಿಸುವುದು. ಅಕ್ಕ ತಟ್ಟೆ ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದಳು. ಆಮೇಲೆ ಒಂದೊಂದೇ ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗುತ್ತಿದ್ದಳು. ಎರಡನೇ ವಾರಕ್ಕೆ ಮತ್ತೆ ಭೇದಿ ಶುರುವಾಯಿತು. ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಳ್ಳುತ್ತಿತ್ತು. ನಾನು ಪಾಠ ಮಾಡುತ್ತಿರುವಾಗಲೂ ಕಿವಿ ಮೊಬೈಲಿನ ಮೇಲೇ ಇರುತ್ತಿತ್ತು. ಮನೆಗೆ ಬಂದು ಬಾಗಿಲು ತಟ್ಟಿ, ಒಳಗಿನಿಂದ ಅವಳ ಹೆಜ್ಜೆ ಕೇಳುವವರೆಗೂ ಉಸಿರಾಡುತ್ತಿರಲಿಲ್ಲ.

ಒಂದು ಸಂಜೆ ನಾನು ತಟ್ಟೆ ಇಟ್ಟು ಅತ್ತುಬಿಟ್ಟೆ. ಸಾಕು, ಬಿಟ್ಟುಬಿಡೋಣ, ಪರೀಕ್ಷೆ ಗಿರೀಕ್ಷೆ ಏನೂ ಬೇಡ ಎಂದೆ. ನೀನು ಅವತ್ತೇ ಹೇಳಿದೆ, ನಾನೇ ಕೇಳಲಿಲ್ಲ ಎಂದೂ ಹೇಳಿದೆ. ಅಕ್ಕ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಂಗೂ ಭಯ ಐತೆ," ಎಂದಳು. "ಅವ್ವಂಗಾದಂಗೆ ಆಗ್ತದೇನೋ ಅಂತ ದಿನಾ ಅನ್ಕತೀನಿ. ಆದ್ರೆ ಏನಂತ ಗೊತ್ತಾಗ್ದೆ ಸಾಯಾಕೆ ನಂಗಿಷ್ಟ ಇಲ್ಲ. ಅವ್ವಂಗೆ ಗಡ್ಡೆ ಅಂದ್ರು, ಅದ್ಯಾಕ್ ಬಂತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಇನ್ನೊಂದ್ ಒಸಿ ಸಾರು ಬುಡು."

ಅವ್ವನ ಮಾತನ್ನು ಅವಳು ನನ್ನೆದುರು ಎತ್ತಿದ್ದು ಅದೇ ಮೊದಲು. ನಾನೊಬ್ಬಳೇ ಹೆದರುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಇಷ್ಟೂ ದಿನ ನನಗಿಂತ ಹೆಚ್ಚು ಹೆದರಿ, ನನ್ನ ಮುಖ ನೋಡಿ ಸುಮ್ಮನಿದ್ದಳು. ಸಾರು ಬಡಿಸಿದೆ.

ಕರುಳು ನೋಡುವ ದಿನ ಬೆಳಿಗ್ಗೆಯೇ ರಾಮನಗರಕ್ಕೆ ಹೋದೆವು. ಭಾವ ಮಾಗಡಿಯಿಂದ ಬಂದು ಆಗಲೇ ಗೇಟಿನ ಹತ್ತಿರ ನಿಂತಿದ್ದರು. ಅಂಗಿಯ ಜೇಬಿನಲ್ಲಿ ಕಬ್ಬಾಳಮ್ಮನ ಕುಂಕುಮದ ಪೊಟ್ಟಣ. ಹಿಂದಿನ ದಿನ ಕನಕಪುರದ ಮೇಲೆ ಹೋಗಿ ಹರಕೆ ಕಟ್ಟಿ ಬಂದಿದ್ದರು. ಏನು ಹರಕೆ ಎಂದು ನಾವು ಕೇಳಲಿಲ್ಲ. ಅಕ್ಕನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ನಾನು ಪ್ರತಿವರ್ಷ ಮಕ್ಕಳಿಗೆ ಸಣ್ಣ ಕರುಳಿನ ಚಿತ್ರ ಬರೆಸುತ್ತೇನೆ. ಒಳಗೋಡೆಯಲ್ಲಿ ಬೆರಳಿನಂಥ ವಿಲ್ಲೈಗಳಿವೆ, ಉಂಡ ಅನ್ನದ ಸಾರವನ್ನು ರಕ್ತಕ್ಕೆ ಹೀರಿ ಕೊಡುವುದು ಅವೇ ಎಂದು ಬಾಯಿಪಾಠ ಮಾಡಿಸುತ್ತೇನೆ. ಆ ಬೆಂಚಿನ ಮೇಲೆ ಕೂತು ಆ ಚಿತ್ರವನ್ನೇ ನೆನೆಯುತ್ತಿದ್ದೆ. ಅದು ಅಕ್ಕನ ಹೊಟ್ಟೆಯೊಳಗೂ ಇರುವ ವಸ್ತು ಎಂದು ಅದುವರೆಗೂ ನನಗೆ ಅನ್ನಿಸಿರಲಿಲ್ಲ.

ಡಾಕ್ಟರು ಹೊರಗೆ ಬಂದರು. ಕರುಳಿನ ಒಳಮೈ ಸವೆದು ಚಪ್ಪಟೆಯಾದಂತಿದೆ, ಆರು ಕಡೆಯಿಂದ ಚೂರು ತೆಗೆದಿದ್ದೇನೆ ಎಂದರು. ನಾನು ಕೇಳಬೇಕಾದದ್ದನ್ನು ಕೇಳಿದೆ. "ಗಡ್ಡೆ ಏನಾದ್ರೂ ಕಂಡಿತಾ ಸರ್?"

"ನನ್ನ ಕಣ್ಣಿಗೆ ಕಾಣ್ಲಿಲ್ಲ. ಆದರೆ ಚೂರಿನ ರಿಪೋರ್ಟ್ ಬರೋವರೆಗೂ ನಾನು ಮಾತು ಕೊಡಲ್ಲ," ಎಂದರು.

ಅವತ್ತಿನಿಂದ ಗೋಧಿ ನಿಂತಿತು. ಅಕ್ಕ ಮುದ್ದೆಗೆ ಮರಳಿದಳು. ರಿಪೋರ್ಟಿಗೆ ಎಂಟು ದಿನ ಹಿಡಿಯಿತು. ಆ ಎಂಟು ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಅಕ್ಕ ನನ್ನ ಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದು ಒಣಗಿಸಿ ಮತ್ತೆ ಜೋಡಿಸಿದಳು. ಮೂರು ದಿನ ಬಿಟ್ಟು ಮತ್ತೆ ಇಳಿಸಿ ತೊಳೆದಳು. ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

ಎಂಟನೇ ದಿನ ಮೂವರೂ ಡಾಕ್ಟರ ಎದುರು ಕೂತೆವು. ಅವರು ಕಾಗದವನ್ನು ಪೂರ್ತಿ ಓದಿದರು. ಎರಡನೇ ಪುಟವನ್ನೂ ಓದಿದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಕ್ಯಾನ್ಸರ್ ಇಲ್ಲ ಎಂದು ಮೊದಲು ಅದನ್ನೇ ಹೇಳಿದರು. ಭಾವ ಎದ್ದು ನಿಂತುಬಿಟ್ಟರು, ಮತ್ತೆ ಕೂತರು. ಸೀಲಿಯಾಕ್ ಇರುವುದು ಖಚಿತ, ಮಾತ್ರೆಯಿಂದ ಹೋಗುವುದಲ್ಲ, ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿ ಜೀವಮಾನವಿಡೀ ಬಿಡಬೇಕು, ಕರುಳು ನಿಧಾನಕ್ಕೆ ತಾನೇ ಮಾಯುತ್ತದೆ ಎಂದರು. ಮುದ್ದೆ ತಿನ್ನಬಹುದಾ ಎಂದು ಅಕ್ಕ ಕೇಳಿದಳು. ರಾಗಿ, ಅಕ್ಕಿ, ಜೋಳ ಎಲ್ಲಾ ಆಗುತ್ತದೆ, ಸಕ್ಕರೆ ಇರುವುದರಿಂದ ಮುದ್ದೆಯ ಗಾತ್ರ ಮಾತ್ರ ನೋಡಿಕೊಳ್ಳಿ, ರಾಗಿಯನ್ನು ಗೋಧಿ ಬೀಸುವ ಗಿರಣಿಯಲ್ಲಿ ಬೀಸಿಸಬೇಡಿ ಎಂದರು. ರಕ್ತದ ಗುಂಪಿನ ಜೊತೆಗೆ ಐಜಿಎ ಇಲ್ಲ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು, ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ತೋರಿಸಬೇಕೆಂದು ಭಾವನ ಕೈಗೆ ಕೊಟ್ಟರು.

ಹೊರಡುವಾಗ ನನ್ನನ್ನು ತಡೆದು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು. ಮುಂದಿನ ವಾರ ರಕ್ತ ಕೊಟ್ಟೆ. ಎರಡೂ ಪರೀಕ್ಷೆ ಬರೆದಿದ್ದಾರಾ ಎಂದು ಲ್ಯಾಬಿನ ಹುಡುಗಿಯನ್ನು ಎರಡು ಸಲ ಕೇಳಿದೆ. ನನ್ನ ಒಟ್ಟು ಐಜಿಎ ಇರಬೇಕಾದಷ್ಟಿತ್ತು, ಗೋಧಿಯದು ನೆಗೆಟಿವ್ ಬಂತು. ಅದನ್ನೂ ನಾನು ಒಬ್ಬಳೇ ನಂಬಲಿಲ್ಲ. ಡಾಕ್ಟರಿಗೆ ತೋರಿಸಿದೆ. ಈ ನೆಗೆಟಿವನ್ನು ನಂಬಬಹುದು, ಆದರೂ ಮುಂದೆ ಯಾವಾಗಲಾದರೂ ಬರಬಹುದು, ಕೆಲವು ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ ಎಂದರು. ಮಾಗಡಿಯ ಡಾಕ್ಟರಮ್ಮನ ಹತ್ತಿರವೂ ಹೋಗಿ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಕಾಗದ ಓದೋದಕ್ಕೇ ನಾವಿರೋದಮ್ಮ ಎಂದರು. ಅಷ್ಟೇ.

ಈಗ ಎಂಟು ತಿಂಗಳಾಗಿದೆ. ಅಕ್ಕನ ಕೆನ್ನೆ ಸ್ವಲ್ಪ ತುಂಬಿದೆ. ರಕ್ತ ಏರುತ್ತಿದೆ. ಐಜಿಜಿಯ ಸಂಖ್ಯೆ ಇಳಿಯುತ್ತಿದೆ, ಪೂರ್ತಿ ಇಳಿಯಲು ಇನ್ನೂ ಕಾಲ ಬೇಕು ಎನ್ನುತ್ತಾರೆ. ಭಯ ಮಾತ್ರ ಬೇರೆ ರೂಪದಲ್ಲಿ ಮನೆಯಲ್ಲೇ ಇದೆ. ಮದುವೆ ಮನೆಗೆ ಹೋದರೆ ಒಬ್ಬಟ್ಟು ಬಡಿಸುವವರಿಗೆ ಅವಳು ಅಂಗೈ ಅಡ್ಡ ಹಿಡಿಯುತ್ತಾಳೆ. ಒಂದು ತಿಂದರೆ ಏನಾಗ್ತದೆ ಎಂದು ಬಲವಂತ ಮಾಡುವವರು ಇದ್ದೇ ಇರುತ್ತಾರೆ.

ಹೋದ ತಿಂಗಳು ತಪಾಸಣೆಗೆ ರಾಮನಗರಕ್ಕೆ ಹೋದಾಗ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲಿಗೆ ಹೋದೆವು. ಅಕ್ಕ ತಟ್ಟೆ ಇಡ್ಲಿ ಹೇಳಿದಳು. ಸಾಂಬಾರಿನಲ್ಲಿ ಇಂಗು ಇದೆಯಾ ಎಂದು ನಾನು ಕೇಳುವ ಮೊದಲೇ ಅವಳು ಎದ್ದು ಅಡಿಗೆಯವರ ಹತ್ತಿರ ಹೋಗಿದ್ದಳು. ಇಂಗಿನ ಡಬ್ಬಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ ಎಂದು ಅವಳು ಯಾವಾಗ ತಿಳಿದುಕೊಂಡಳೋ. ಅಡಿಗೆಯಾತ ಮೊದಲು ನಕ್ಕ. ಅಕ್ಕ ನಗದೆ ನಿಂತೇ ಇದ್ದದ್ದು ನೋಡಿ ಡಬ್ಬಿ ತಂದು ತೋರಿಸಿದ. ಅವಳು ಮರಳಿ ಬಂದು, ಸಾಂಬಾರಿನ ಬಟ್ಟಲನ್ನು ನನ್ನ ಕಡೆಗೆ ಸರಿಸಿ, ಕಾಯಿಚಟ್ನಿಯಲ್ಲಿ ಇಂಗಿಲ್ಲವಂತೆ ಎಂದು ಹೇಳಿ ಇಡ್ಲಿ ಮುರಿದಳು. ಅವಳು ತಿಂದು ಮುಗಿಸುವವರೆಗೂ ನಾನು ಅವಳನ್ನೇ ನೋಡುತ್ತಾ ಕೂತಿದ್ದೆ. ಸಂಜೆ ಮಾಗಡಿಯ ಬಸ್ಸು ಹತ್ತಿ ಊರು ತಲುಪಿದ ಮೇಲೆ ಭಾವನ ಫೋನಿನಿಂದ ಮಾತಾಡಿದಳು. ಹೊಟ್ಟೆ ಹೇಗಿದೆ ಎಂದು ಕೇಳಿದೆ. ಹೊಟ್ಟೆ ನೆಟ್ಟಗೈತೆ, ನೀನು ಉಂಡ್ಯಾ ಎಂದಳು.